ಮಣಿಪಾಲದಲ್ಲಿ ಪತ್ತೆಯಾದ ಕಮಾನು

ಠಾಣೆಯ ನೌಪಾಡಾದಲ್ಲಿರುವ ನಮ್ಮ ಕಟ್ಟಡದ ಅಂಗಳಕ್ಕೆ ಹಾಸಿರುವುದು ಶಹಾಬಾದಿ ಫರಸಿ, ಕಲಬುರಗಿ ಸೀಮೆಯ ಕಲ್ಲು. ಮಳೆಯಲ್ಲಿ ಆಡಿ ಬಂದ ಮಕ್ಕಳು ಒಣಗಿದ ಕಲ್ಲಿನ ಮೇಲೆ ಕಾಲಿಟ್ಟರೆ ಒದ್ದೆ ಹೆಜ್ಜೆ ಮೂಡುತ್ತದೆ. ಹೆಚ್ಚಿನವರದ್ದು ಹಿಮ್ಮಡಿ, ಮುಂಗಾಲು, ಎರಡನ್ನೂ ಹೊರಬದಿಯಲ್ಲಿ ಕೂಡಿಸುವ ಸಣ್ಣ ಪಟ್ಟಿ. ಕೆಲವರದ್ದು ಮಾತ್ರ ನಡುವೆ ಎಲ್ಲೂ ಬಿಡುವಿಲ್ಲದ ಇಡೀ ಪಾದ. ಇದೇ ಚಪ್ಪಟೆ ಪಾದ. ಎಳೆಯ ಮಕ್ಕಳಲ್ಲಿ ಇದು ಸಹಜ, ಬೆಳೆಯುತ್ತಾ ಪಾದದಡಿ ಕಮಾನು ಮೂಡುತ್ತದೆ. ಮೂಡದಿದ್ದರೆ ವಿಶೇಷ ಬೂಟು ತೊಡಿಸುವುದು ಬಹುಕಾಲದ ರೂಢಿ. ಆದರೆ ಅಂಥ ಬೂಟು ತೊಡಿಸಿದರೂ ತೊಡಿಸದಿದ್ದರೂ ಫಲಿತಾಂಶ ಒಂದೇ ಎಂದು 1989ರಲ್ಲಿ ಅಮೆರಿಕದ ವೆಂಗರ್ ತಂಡ ಮೂರು ವರ್ಷಗಳ ಪ್ರಯೋಗದಿಂದ ತೋರಿಸಿಕೊಟ್ಟಿತು.

ಹಾಗಿದ್ದರೆ ಕಮಾನು ಬೆಳೆಯಲು ಬೇಕಾದದ್ದೇನು? ಇದನ್ನು ಕೇಳಲು ಬರಿಗಾಲಿನ ಮಕ್ಕಳೂ ಬೂಟು ತೊಟ್ಟ ಮಕ್ಕಳೂ ಒಂದೇ ಸೀಮೆಯಲ್ಲಿ ಸಿಗಬೇಕು. ಅಮೆರಿಕ, ಯುರೋಪುಗಳಲ್ಲಿ ಬರಿಗಾಲಿನ ಮಕ್ಕಳನ್ನು ಎಲ್ಲಿ ಹುಡುಕುವುದು? ನಮ್ಮಲ್ಲಿ ಅದಕ್ಕೆ ಬರವಿರಲಿಲ್ಲ. ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿದರೆ ಒಂದು ರಾತ್ರಿಯ ದಾರಿ, ಮಣಿಪಾಲ. ಅಲ್ಲಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆ ವೈದ್ಯರಾದ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಈ ಕೆಲಸಕ್ಕೆ ಕೈಹಾಕಿದರು. 4ರಿಂದ 13 ವರ್ಷದೊಳಗಿನ 2300 ಮಕ್ಕಳು ನಿಂತ ಹೆಜ್ಜೆಯ ಅಚ್ಚು ತೆಗೆದು ನೋಡಿದರು. ದುಬಾರಿ ಯಂತ್ರದ ಹಂಗಿಲ್ಲದ ಈ ಸರಳತೆಯನ್ನು ನಾನು ತುಂಬ ಮೆಚ್ಚುತ್ತೇನೆ.

1992ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದ, ಬರಿಗಾಲಿನವರಲ್ಲಿ ಶೇ. 2.8 ಮಾತ್ರ. ಬೆರಳು ಮುಚ್ಚುವ ಬೂಟಿನವರಲ್ಲಿ ಅತಿ ಹೆಚ್ಚು. ಸ್ಯಾಂಡಲ್, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಕೀಲುಗಳ ಬಿಗಿ ಸಡಿಲವಿದ್ದ ಮಕ್ಕಳಲ್ಲಂತೂ ಈ ಅಂತರ ಎದ್ದು ಕಾಣುತ್ತಿತ್ತು. ಕಮಾನು ರೂಪುಗೊಳ್ಳುವ ನಿರ್ಣಾಯಕ ಕಾಲ ಆರು ವರ್ಷಕ್ಕೆ ಮೊದಲು ಎಂದು ಅವರು ಕಂಡುಕೊಂಡರು. ಏರುತಗ್ಗಿನ ನೆಲವನ್ನು ಬೆರಳೂರಿ ಹಿಡಿಯುವ ಪಾದದ ಸಣ್ಣ ಸ್ನಾಯುಗಳಿಗೆ ಬಿಗಿ ಬೂಟಿನೊಳಗೆ ಕೆಲಸ ಕಡಿಮೆ. ಚಪ್ಪಲಿ ಜಾರದಂತೆ ಹಿಡಿಯುವುದಕ್ಕಾದರೂ ಬೆರಳು ದುಡಿಯಬೇಕು.

ಬೆಳೆದ ಮೇಲೆ ಈ ವ್ಯತ್ಯಾಸ ಅಳಿಸಿಹೋಗುತ್ತದೆಯೇ? ಜೋಸೆಫ್ ಅದನ್ನೂ ಬಿಡಲಿಲ್ಲ. ವಿ. ಸಚ್ಚಿದಾನಂದಂ ಜೊತೆಗೂಡಿ 1846 ಪ್ರೌಢರ ಹೆಜ್ಜೆ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದರು. ಆರು ವರ್ಷಕ್ಕೆ ಮೊದಲೇ ಪಾದರಕ್ಷೆ ತೊಟ್ಟವರಲ್ಲಿ ಚಪ್ಪಟೆ ಪಾದ ಶೇ. 3.24, ಹದಿನಾರರ ನಂತರ ತೊಟ್ಟವರಲ್ಲಿ ಶೇ. 1.75. ಬಾಲ್ಯದ ಹೆಜ್ಜೆ ಮೂಳೆ ಬಲಿತ ಮೇಲೂ ಉಳಿದಿತ್ತು.

ಬರಿಗಾಲಲ್ಲಿ ನಡೆದರೆ ಅಂಗಾಲು ಜಡ್ಡುಗಟ್ಟಿ ಸ್ಪರ್ಶವೇ ಸತ್ತುಹೋಗುತ್ತದೆ ಎಂಬ ಅಂಜಿಕೆ ಹಲವರಿಗಿದೆ. ಇದಕ್ಕೆ ಉತ್ತರ ಬಂದದ್ದು 2019ರಲ್ಲಿ, ‘ನೇಚರ್’ ಪತ್ರಿಕೆಯಲ್ಲಿ. ಹಾರ್ವರ್ಡಿನ ಡೇನಿಯಲ್ ಲೀಬರ್ಮನ್ ಅವರ ತಂಡ ಕೀನ್ಯಾದ ಬರಿಗಾಲಿನವರ ಅಂಗಾಲಿನ ಚರ್ಮವನ್ನು ಅಲ್ಟ್ರಾಸೌಂಡಿನಿಂದ ಅಳೆದು, ಕಂಪನ ಮುಟ್ಟಿಸಿ ನೋಡಿತು. ಚರ್ಮ ದಪ್ಪವಾಗಿತ್ತು, ಸಂವೇದನೆ ಮಾತ್ರ ಕುಂದಿರಲಿಲ್ಲ. ಗಟ್ಟಿಯಾದ ಚರ್ಮ ನೆಲದ ಕಂಪನವನ್ನು ಒಳಗಿನ ನರತುದಿಗಳಿಗೆ ಹಾಗೆಯೇ ದಾಟಿಸುತ್ತದೆ. ನುಣುಪು ಫರಸಿ, ಮರಳು, ದೇವಸ್ಥಾನದ ಕಲ್ಲು ಬೇರೆಬೇರೆಯಾಗಿ ತಿಳಿಯುವುದು ಹೀಗೆ.

ಚಪ್ಪಟೆ ಪಾದದ ಮಕ್ಕಳಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇರುವುದಿಲ್ಲ, ನೋವಿದ್ದರೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಆರು ವರ್ಷದೊಳಗಿನ ಮಗುವಿದ್ದರೆ ಮನೆಯೊಳಗೆ, ಶುಚಿಯಾದ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಲು ಬಿಡಿ. ನೀರು ನಿಂತ ಬೀದಿಯಲ್ಲಿ ಮಾತ್ರ ಬೇಡ. ಅಂಥ ನೀರಿನಲ್ಲಿರಬಹುದಾದ ಇಲಿ ಜ್ವರದ ರೋಗಾಣು ಗೀರುಗಾಯದಿಂದಲೂ ಒಳನುಗ್ಗುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಳೆದುಕೊಂಡ ಹಿರಿಯರು ಮನೆಯೊಳಗೂ ಚಪ್ಪಲಿ ಬಿಡಬಾರದು.