ಅಂಗೈಯಲ್ಲಿ ಅಪ್ಪನ ಪದ್ಮಿನಿ

ದಿನಾ ದನಿಯಲ್ಲಿ ಸಿಗುವ ನಾನು ಈ ಸಲ ಕಟರ್, ಅಂಟು ಹಿಡಿದು ಬಂದಿದ್ದೇನೆ.

ಪುಣೆಯಿಂದ ಖಂಬಾಟ್ಕಿ ಘಾಟ್ ಹತ್ತಿ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಊರು ಸೇರಿದವರು ನಿಮ್ಮಲ್ಲೂ ಬಹಳ ಜನ ಇದ್ದೀರಿ. ನಾವು ಧಾರವಾಡಕ್ಕೆ ಹೋಗುತ್ತಿದ್ದುದು ಅಪ್ಪನ ಪ್ರೀಮಿಯರ್ ಪದ್ಮಿನಿಯಲ್ಲಿ. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್‌ಗೆ 1974ರಲ್ಲಿ ಇಟ್ಟ ಹೆಸರು ಅದು. 2004ರಲ್ಲಿ ಅಕ್ಕನ ಮದುವೆಗೆಂದು ಗಾಡಿ ಮಾರಿದೆವು. 2023ರ ಅಕ್ಟೋಬರಿನಲ್ಲಿ ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೂ ರಸ್ತೆ ಬಿಟ್ಟವೆಂಬ ಸುದ್ದಿ ಬಂದ ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಒಂದು ಪುಟ್ಟ ಪದ್ಮಿನಿ ಮಾಡಿಕೊಡೋಣ ಅಂತ ನನಗೆ ಹೊಳೆದದ್ದು ಅವತ್ತೇ.

ಮೊದಲು ಅಳತೆ. ಕೋಥ್ರೂಡಿನಲ್ಲಿ ಜೋಶಿಯವರ ಪುಟಾಣಿ ರೈಲು ಮ್ಯೂಸಿಯಂ ನೋಡಿದ್ದೀರಲ್ಲ? ಅಲ್ಲಿಯ ರೈಲು ನಿಜದ 87ರಲ್ಲಿ ಒಂದು ಪಾಲು. ಕಾರಿಗೆ ಅದು ತೀರಾ ಸಣ್ಣದಾಯಿತು. 24ರಲ್ಲಿ ಒಂದು ಪಾಲು ಸಾಕು. ಪದ್ಮಿನಿಯ ಮುಂದಿನ-ಹಿಂದಿನ ಗಾಲಿಗಳ ನಡುವಿನ ಅಂತರ 2340 ಮಿ.ಮೀ. 24ರಿಂದ ಭಾಗಿಸಿದರೆ 97.5. ನಮ್ಮ ಹಳೇ ಫೋಟೋದಲ್ಲಿ ಅದೇ ಅಂತರ 39 ಮಿ.ಮೀ. ಇತ್ತು. ಅಂದರೆ ಫೋಟೋದ ಪ್ರತಿ ಅಳತೆಯನ್ನೂ ಎರಡೂವರೆ ಪಟ್ಟು ಮಾಡಿದರಾಯಿತು! ಫೋಟೋ ಮಾತ್ರ ನೇರ ಪಕ್ಕದಿಂದ ತೆಗೆದದ್ದಿರಬೇಕು. ನಮ್ಮದರಲ್ಲಿ ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದರು. ಅಷ್ಟು ಭಾಗ ಅಂದಾಜು.

ಕಾರಿನ ಅಗಲ 1460 ಮಿ.ಮೀ., ನಮ್ಮ ಲೆಕ್ಕಕ್ಕೆ ಸುಮಾರು 61. 5 ಮಿ.ಮೀ. ದಪ್ಪದ ಸನ್‌ಬೋರ್ಡಿನಲ್ಲಿ ಪಕ್ಕದ ಆಕಾರವನ್ನೇ ಹನ್ನೆರಡು ಸಲ ಕತ್ತರಿಸಿ, ಒಂದಕ್ಕೊಂದು ಅಂಟಿಸಿ. ಹೊರಗಿನ ತುಂಡುಗಳಲ್ಲಿ ಕಿಟಕಿಯಿಂದ ಮೇಲಿನ ಭಾಗ ಬೇಡ. ಆಮೇಲೆ ಸ್ಯಾಂಡ್ ಪೇಪರ್, ಪುಟ್ಟಿ, ಮತ್ತೆ ಸ್ಯಾಂಡ್ ಪೇಪರ್. ಬೇಸರ ಬರುತ್ತದೆ, ರೇಡಿಯೋ ಹಚ್ಚಿಕೊಳ್ಳಿ! ಥರ್ಮೋಕೋಲ್ ಮಾತ್ರ ಬೇಡವೇ ಬೇಡ, ಸ್ಪ್ರೇ ಬಣ್ಣ ತಾಗಿದರೆ ಕರಗಿಹೋಗುತ್ತದೆ. ಗಾಲಿಗೆ 25 ಮಿ.ಮೀ.ನ ಕೋಟಿನ ಗುಂಡಿ ಸರಿಹೊಂದಿತು.

ಬಣ್ಣದ್ದೇ ದೊಡ್ಡ ಜಗಳ. ಅಮ್ಮ ಕೆನೆ ಬಣ್ಣ ಅಂತಾರೆ, ಅಕ್ಕ ಬಿಳಿ ಅಂತಾಳೆ, ಫೋಟೋ ಹಳದಿಗಟ್ಟಿದೆ. ಅಮ್ಮನ ಮಾತೇ ನಡೆಯಿತು.

ಮುಗಿದ ಮೇಲೆ ಅಪ್ಪನ ಕೈಗಿಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಎಡಗಡೆ ಬಾಗ್ಲಾ ನೆಗ್ಗಿತ್ತಲ್ಲ, ಮರ್ತಿ ಏನು?" ಅಂದರು. ಫೋಟೋದಲ್ಲಿ ಅಜ್ಜಿ ನಿಂತದ್ದು ಆ ಬಾಗಿಲಿಗೇ ಅಡ್ಡವಾಗಿ. ರಾತ್ರಿ ಮತ್ತೆ ಸ್ಯಾಂಡ್ ಪೇಪರ್ ತೆಗೆದೆ.