ಅಂಗಳಕ್ಕೊಂದಿಷ್ಟು ಹಸಿರು ಹುಲ್ಲು

ಮನೆ ಕಟ್ಟಿ, ಬಣ್ಣ ಬಳಿದು, ಮನೆ ಒಕ್ಕಲಿನ ಊಟವೂ ಮುಗಿದ ಮೇಲೆ ಕೊನೆಗೆ ಉಳಿಯುವುದು ಅಂಗಳ. ನಮ್ಮ ಕರಾವಳಿಯಲ್ಲಿ ಅದಕ್ಕೀಗ ಸಿದ್ಧ ಉತ್ತರವೊಂದಿದೆ. ಗೇಟಿನಿಂದ ಸಿಟೌಟ್‌ವರೆಗೆ ಇಂಟರ್‌ಲಾಕ್! ಕೆಸರಿಲ್ಲ, ಕಳೆಯಿಲ್ಲ, ಗುಡಿಸಲು ಸುಲಭ. ಆದರೆ ಎಪ್ರಿಲ್ ತಿಂಗಳ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಮಳೆಗಾಲದಲ್ಲಿ ಬಿದ್ದ ನೀರಿನ ಬಹುಪಾಲು ಮಣ್ಣಿಗಿಳಿಯದೆ ರಸ್ತೆಗೆ ಹರಿದು ಹೋಗುತ್ತದೆ. ಮೇ ತಿಂಗಳಲ್ಲಿ ಬಾವಿ ತಳ ಕಂಡಾಗ ಅದೇ ಮನೆಯವರು ಟ್ಯಾಂಕರ್‌ಗೆ ಫೋನ್ ಮಾಡುತ್ತಾರೆ.

ಹಾಗಾಗಿ ಅಂಗಳದ ಒಂದು ಭಾಗದಲ್ಲಾದರೂ ಹುಲ್ಲು ಬೆಳೆಸಬೇಕೆಂಬ ಗೃಹಿಣಿಯರ ಆಸೆ ಒಳ್ಳೆಯದೇ. ಆದರೆ ಆ ಆಸೆ ಹೆಚ್ಚಾಗಿ ಹುಟ್ಟುವುದು ದುಬೈ, ಅಬುಧಾಬಿಯ ರಸ್ತೆ ಬದಿಯ ಹಸಿರನ್ನು ನೋಡಿ. ಅಲ್ಲಿನ ಹುಲ್ಲು ಬೆಳೆಯುವುದು ಬಹುಮಟ್ಟಿಗೆ ಸಂಸ್ಕರಿಸಿದ ಕೊಳಚೆ ನೀರಿನಿಂದ. ಅದನ್ನು ನೋಡಿಕೊಳ್ಳಲು ಸಂಬಳದ ಕೆಲಸಗಾರರಿದ್ದಾರೆ. ಇಲ್ಲಿ ನೀರು ನಮ್ಮ ಬಾವಿಯದ್ದು, ಕೆಲಸ ನಮ್ಮದೇ.

ನನ್ನ ಪರಿಚಯದ ಸಹೋದರಿಯೊಬ್ಬರು ಹೊಸ ಮನೆಯ ಮುಂದಿನ ಮಾವಿನ ಮರದ ಬುಡಕ್ಕೆ ನರ್ಸರಿಯಿಂದ ಹಾಳೆ ಹಾಳೆಯಾಗಿ ನಯವಾದ ಹುಲ್ಲು ತಂದು ಹಾಸಿಸಿದರು. ಮೂರು ತಿಂಗಳಲ್ಲಿ ಹುಲ್ಲು ಕೊಳೆತು ಪಾಚಿ ಉಳಿಯಿತು. ಮಾರಿದವರು ನೆರಳಿದೆಯೇ ಎಂದು ಕೇಳಲಿಲ್ಲ, ಕೊಂಡವರು ಹೇಳಲೂ ಇಲ್ಲ.

ಆದ್ದರಿಂದ ನರ್ಸರಿಗೆ ಹೋಗುವ ಮೊದಲು ಒಂದು ದಿನ ಅಂಗಳವನ್ನೇ ಗಮನಿಸಿ. ಬಿಸಿಲು ಎಲ್ಲಿ, ಎಷ್ಟು ಹೊತ್ತು ಬೀಳುತ್ತದೆ? ಆರು ಗಂಟೆಗೂ ಹೆಚ್ಚು ಬಿಸಿಲು ಬೀಳುವ ಕಡೆ ಗರಿಕೆಯಷ್ಟು ಗಟ್ಟಿ ಹುಲ್ಲು ಬೇರೆ ಇಲ್ಲ. ಮಕ್ಕಳು ಓಡಾಡಿದರೂ ತಡೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಕಂದಾದರೂ ಬೇರು ಬದುಕಿರುತ್ತದೆ. ನರ್ಸರಿಯಲ್ಲಿ ಇದರ ಸುಧಾರಿತ ತಳಿಗಳಿವೆ. ರಸ್ತೆ ಬದಿಯಿಂದ ಬೇರು ಸಹಿತ ಕಿತ್ತು ತಂದರೂ ನಡೆಯುತ್ತದೆ. ಆದರೆ ಬೇಗ ಬೆಳೆಯುವುದರಿಂದ ಆಗಾಗ ಕತ್ತರಿಸಬೇಕು. ಹೂವಿನ ಪಾತಿಗೆ ನುಗ್ಗುವ ಚಾಳಿಯೂ ಅದಕ್ಕಿದೆ.

ಮೆಕ್ಸಿಕನ್ ಅಥವಾ ಕೊರಿಯನ್ ಗ್ರಾಸ್ ಎಂದು ಮಾರುವ ಸಣ್ಣ ಎಲೆಯ ಹುಲ್ಲು ನೋಡಲು ಚೆಂದ, ಕತ್ತರಿಸುವ ಕೆಲಸವೂ ಕಡಿಮೆ. ಆದರೆ ಬೆಲೆ ಜಾಸ್ತಿ, ಬಿಸಿಲು ಬೇಕೇ ಬೇಕು, ನಿಧಾನವಾಗಿ ಹಬ್ಬುವುದರಿಂದ ನಡುವೆ ಕಳೆ ಏಳುತ್ತದೆ. ಮರದ ನೆರಳು ಬಂದು ಹೋಗುವ ಕಡೆ ಅಗಲ ಎಲೆಯ ಹುಲ್ಲೇ ಸರಿ. ನರ್ಸರಿಯವರು ಅದನ್ನು ಬಫೆಲೋ ಗ್ರಾಸ್ ಅಥವಾ ಕಾರ್ಪೆಟ್ ಗ್ರಾಸ್ ಎನ್ನುತ್ತಾರೆ. ಕರಾವಳಿಯ ತೇವಕ್ಕೂ ಹುಳಿ ಮಣ್ಣಿಗೂ ಅದು ಹೊಂದಿಕೊಳ್ಳುತ್ತದೆ, ಆದರೆ ನೀರಿಲ್ಲದಿದ್ದರೆ ಗರಿಕೆಯಂತೆ ತಾಳಿಕೊಳ್ಳದು. ದಟ್ಟ ನೆರಳಿನಲ್ಲಿ ಯಾವ ಹುಲ್ಲೂ ಬೇಡ. ಅಲ್ಲಿ ನಾಲ್ಕು ಕೆಸುವಿನ ಗಿಡ ನೆಟ್ಟರೆ ಪತ್ರೊಡೆಗಾದರೂ ಆದೀತು.

ಇನ್ನು ಎಷ್ಟು ಜಾಗದಲ್ಲಿ? ಕಡು ಬೇಸಿಗೆಯಲ್ಲಿ ಹುಲ್ಲಿನ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲದ ತುಂಡು 9 ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. ಅಂದರೆ ದಿನಕ್ಕೆ 45ರಿಂದ 50 ಲೀಟರ್. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದೆಂಬ ಹದೀಸನ್ನು ಓದಿದ ನಮಗೆ, ಬಾವಿ ಬತ್ತುವ ತಿಂಗಳಲ್ಲಿ ಕುಡಿಯುವ ನೀರನ್ನು ಹುಲ್ಲಿಗೆ ಹೊಯ್ಯಲು ಮನಸ್ಸು ಬಾರದು.

ಬದಲಾಗಿ ಹೀಗೆ ಲೆಕ್ಕ ಹಾಕಿ. ಐವರಿರುವ ಮನೆಯಲ್ಲಿ ಐದು ಹೊತ್ತಿನ ವುಝೂವಿಗೆ ತಲಾ 2 ಲೀಟರ್ ಎಂದು ಹಿಡಿದರೂ 50 ಲೀಟರ್ ಆಗುತ್ತದೆ. ಗಂಡಸರು ಮಸೀದಿಯಲ್ಲಿ, ಮಕ್ಕಳು ಶಾಲೆಯಲ್ಲಿ ಇರುವಾಗ ಅಷ್ಟು ಸಿಗದು, ನಿಜ. ಅರ್ಧ ಸಿಕ್ಕಿದರೂ ಉಳಿದದ್ದನ್ನು ಅಕ್ಕಿ, ತರಕಾರಿ ತೊಳೆದ ನೀರು ತುಂಬಿಸುತ್ತದೆ. ವುಝೂ ಮಾಡುವ ನಳ್ಳಿಯ ಕೊಳವೆಯನ್ನು ಚರಂಡಿಗೆ ಬಿಡದೆ ಹುಲ್ಲಿನ ಕಡೆಗೆ ತಿರುಗಿಸಿದರಾಯಿತು. ಮನೆ ಕಟ್ಟುವಾಗಲೇ ಪ್ಲಂಬರ್‌ಗೆ ಹೇಳಿದರೆ ಖರ್ಚು ಅಲ್ಪ. ಸಾಬೂನಿನ ನೀರು ಸೇರದಂತೆ ನೋಡಿಕೊಳ್ಳಿ. ನೂರು ಚದರಡಿಯ ಹುಲ್ಲು ಸಣ್ಣದೆನಿಸಬಹುದು. ಆದರೆ ಸಂಜೆ ಚಾಪೆಯಿಲ್ಲದೆ ನಾಲ್ಕೈದು ಮಂದಿ ಕೂತು ಚಹಾ ಕುಡಿಯಲು ಅಷ್ಟು ಸಾಕು. ಹಪ್ಪಳ, ಸಂಡಿಗೆ ಒಣಗಿಸಲೂ ಜಾಗ ಬೇಕಲ್ಲ!

ಮಣ್ಣಿನ ಕೆಲಸದಲ್ಲಿ ಅವಸರ ಮಾಡಬೇಡಿ. ಕೆಡುವುದೆಲ್ಲ ಇಲ್ಲೇ. ಮುಕ್ಕಾಲು ಅಡಿ ಆಳಕ್ಕೆ ಅಗೆದು ಕಲ್ಲು, ಸಿಮೆಂಟಿನ ಚೂರು, ಮೇಸ್ತ್ರಿಗಳು ಹೂತು ಹೋದ ಕಸವನ್ನೆಲ್ಲ ತೆಗೆಯಿರಿ. ಕೊನ್ನಾರಿ ಗಡ್ಡೆ ಕಂಡರೆ ಗಡ್ಡೆ ಸಮೇತ ಹೆಕ್ಕಬೇಕು. ಅದರ ಒಂದು ಗಡ್ಡೆ ಉಳಿದರೂ ವರ್ಷದೊಳಗೆ ಹುಲ್ಲಿನ ತುಂಬಾ ಅದೇ. ಕರಾವಳಿಯ ಮುರ ಮಣ್ಣು ಹುಳಿ, ಹಾಗಾಗಿ ನೂರು ಚದರಡಿಗೆ ಒಂದು ಕಿಲೋದಷ್ಟು ಚಿಪ್ಪಿನ ಸುಣ್ಣದ ಪುಡಿ ಬೆರೆಸಿ, ನೀರು ಚಿಮುಕಿಸಿ ಎರಡು ವಾರ ಬಿಡಿ. ಅಷ್ಟರಲ್ಲಿ ಮೊಳೆತ ಕಳೆಯನ್ನು ಕಿತ್ತು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಮತ್ತು ಹೊಳೆ ಮರಳು ಸೇರಿಸಿ. ಕಡಲ ಮರಳು ಬೇಡ, ಅದರಲ್ಲಿ ಉಪ್ಪಿರುತ್ತದೆ. ನೆಲ ಸಮ ಮಾಡುವಾಗ ಗೋಡೆಯಿಂದ ಹೊರಗೆ ತುಸು ಇಳಿಜಾರಿರಲಿ.

ನೆಡುವ ಸಮಯದ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ಜೂನ್ ಮಳೆಗೆ ನೆಡಿ ಎನ್ನುವ ಮಾತು ಬಯಲುಸೀಮೆಗೆ ಸರಿ. ಮಂಗಳೂರಿನಂತೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಕಡೆ ಜೂನ್‌ನಲ್ಲಿ ನೆಟ್ಟ ತುಂಡು ಮಣ್ಣಿನೊಂದಿಗೇ ತೊಳೆದು ಹೋಗುತ್ತದೆ. ಮಳೆಯ ಅಬ್ಬರ ಇಳಿದ ಸೆಪ್ಟೆಂಬರ್ ಒಳ್ಳೆಯದು. ಹಾಳೆಗಳನ್ನೇ ಕೊಳ್ಳಬೇಕಿಲ್ಲ. ಬೇರಿರುವ ಸಣ್ಣ ತುಂಡುಗಳನ್ನು ನಾಲ್ಕು ಬೆರಳು ಅಂತರದಲ್ಲಿ ಒತ್ತಿ ನೆಟ್ಟರೆ ಎರಡು ಮೂರು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಮೆಕ್ಸಿಕನ್ ಆದರೆ ಇನ್ನೂ ತಡ. ಬೇರು ಹಿಡಿಯುವವರೆಗೆ ಮಣ್ಣು ಒಣಗಬಾರದು, ಮಕ್ಕಳನ್ನೂ ಬಿಡಬಾರದು.

ಎರಡು ಇಂಚು ಬೆಳೆದಾಗ ಮೊದಲ ಸಲ ತುದಿಯನ್ನಷ್ಟೇ ಕತ್ತರಿಸಿ. ಯಾವಾಗಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಇಷ್ಟು ಜಾಗಕ್ಕೆ ಯಂತ್ರ ಬೇಡ, ದೊಡ್ಡ ಕತ್ತರಿಯೇ ಸಾಕು. ಗಿಡ್ಡವಾಗಿಟ್ಟರೆ ಹಾವಿನ ಭಯವೂ ಕಡಿಮೆ. ಕತ್ತರಿಸಿದ್ದು ಆಡಿಗೆ ಮೇವಾಗುತ್ತದೆ. ಅಂದ ಹಾಗೆ, ಬಕ್ರೀದ್‌ಗೆ ತಂದ ಆಡನ್ನು ಒಂದು ರಾತ್ರಿ ಹುಲ್ಲಿನ ಪಕ್ಕದಲ್ಲಿ ಕಟ್ಟಿದರೆ ಕತ್ತರಿಯೂ ಬೇಡ! ಗರಿಕೆಯಾದರೆ ತಿಂಗಳೊಳಗೆ ಚಿಗುರೀತು, ಮೆಕ್ಸಿಕನ್ ಹಾಕಿದವರು ಆಡನ್ನು ಹಿತ್ತಿಲಲ್ಲಿ ಕಟ್ಟುವುದು ಒಳ್ಳೆಯದು.