ಕುದುರೆಯ ಗೊರಸಿನಲ್ಲಿ ಮತ್ತೆ ಮತ್ತೆ ಕೀವು ಏಕೆ?

ನಮ್ಮ ಭಾಗದಲ್ಲಿ ನಾಲಬಂದ ಎಂಬ ಅಡ್ಡಹೆಸರಿನವರಿದ್ದಾರೆ. ನಾಲ ಎಂದರೆ ಲಾಳ. ಅದನ್ನು ಬಡಿಯುವವನೇ ನಾಲಬಂದ. ಬೆಳಗಾವಿಯಲ್ಲಿ ಟಾಂಗಾಗಳ ಕಾಲ ಮುಗಿದರೂ ಮದುವೆ ಮೆರವಣಿಗೆಗೆ, ಗಾಡಿ ಶರ್ಯತ್ತಿಗೆ ಕುದುರೆ ಬೇಕು. ರಾತ್ರಿ ಚೆನ್ನಾಗಿದ್ದ ಕುದುರೆ ಬೆಳಿಗ್ಗೆ ಒಂದು ಕಾಲು ಊರಲಾರದೆ ನಿಂತು, ಗೊರಸು ಬಿಸಿಯಾಗಿದ್ದರೆ ಒಳಗೆ ಕೀವಾಗಿರುವ ಸಾಧ್ಯತೆಯೇ ಹೆಚ್ಚು. ಕುದುರೆ ನಿಂತರೆ ಮನೆಯ ದುಡಿಮೆಯೂ ನಿಂತಂತೆ.

ಗೊರಸು ನಮ್ಮ ಉಗುರಿನಂತೆ ಕೆರಾಟಿನ್‌ನಿಂದಾದದ್ದು. ಅದರ ಗೋಡೆ ಅಂಗಾಲಿಗೆ ಸೇರುವಲ್ಲಿ ಬಿಳಿಗೆರೆ ಎಂಬ ಮೆತ್ತನೆಯ ಅಂಚಿದೆ. ಖಾನಾಪುರದ ಮಳೆಗಾಲದ ಕೆಸರಿನಲ್ಲಿ ಅದು ನೆನೆಯುತ್ತದೆ, ಬಿಸಿಲು ಬಿದ್ದಾಗ ಒಣಗಿ ಬಿರಿಯುತ್ತದೆ. ಆ ಬಿರುಕಿನಿಂದ ಮಣ್ಣು, ಲದ್ದಿ, ಬ್ಯಾಕ್ಟೀರಿಯಾ ಒಳಸೇರುತ್ತವೆ. ಚರ್ಮದ ಮೇಲಿನ ಕುರುವಾದರೆ ಊದಿಕೊಳ್ಳಲು ಜಾಗವಿದೆ, ಗೊರಸು ಹಿಗ್ಗುವುದಿಲ್ಲ. ಅದಕ್ಕೇ ಅಷ್ಟು ನೋವು.

ಪಶುವೈದ್ಯರು ಕೀವು ಹೊರತೆಗೆದರೆ ಕುದುರೆ ಬೇಗನೆ ನಡೆದಾಡುತ್ತದೆ. ಮಾಲೀಕರು ಮೋಸಹೋಗುವುದು ಇಲ್ಲೇ. ಕೀವು ಹೋಯಿತು, ಬಿರುಕು ಉಳಿಯಿತು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟೂ ಬೆಳೆಯುವುದಿಲ್ಲ. ಮುಂಭಾಗ ಪೂರ್ತಿ ಹೊಸದಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಲ್ಲಿಯವರೆಗೂ ದಿನಾಲೂ ಗೊರಸಿನ ತಳ ಕೆರೆದು ಸ್ವಚ್ಛ ಮಾಡಬೇಕು, ನಿಲ್ಲುವ ಜಾಗ ಒಣಗಿರಬೇಕು, 6ರಿಂದ 8 ವಾರಕ್ಕೊಮ್ಮೆ ಲಾಳ ಬಿಚ್ಚಿ ಗೊರಸು ಕತ್ತರಿಸಬೇಕು. ಲಾಳ ಸವೆಯುವವರೆಗೆ ಕಾಯುವುದು ಉಳಿತಾಯವೇನಲ್ಲ: ಉದ್ದ ಬೆಳೆದ ಗೊರಸು ಬಿಳಿಗೆರೆಯನ್ನು ಎಳೆದು ಸೀಳುತ್ತದೆ. ಮನೆಯಲ್ಲೇ ಚಾಕು ಹಿಡಿದು ಕೆತ್ತಬಾರದು. ಧನುರ್ವಾಯುವಿನ ಲಸಿಕೆಯನ್ನೂ ಮರೆಯಬಾರದು. ಆ ರೋಗಕ್ಕೆ ಕುದುರೆ ಬಹಳ ಬೇಗ ತುತ್ತಾಗುತ್ತದೆ.